ಗೇಟು ದಾಟಿದರೆ ಕಾಯಿದೆ ಬೇರೆ

"ಅಮೆರಿಕದಲ್ಲಿ ಈಗ ಗಾಂಜಾಕ್ಕೆ ಅನುಮತಿ ಇದೆಯಂತೆ, ನಿಜವೇ ಸಾರ್?" ಮೇಲ್ತರಗತಿಯ ವಿದ್ಯಾರ್ಥಿಗಳು ಹೀಗೆ ಕೇಳಿದರೆ ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ಕ್ಯಾಲಿಫೋರ್ನಿಯದ ಮತದಾರರು 2016ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಅಲ್ಲಿ 21 ವರ್ಷ ತುಂಬಿದವರು ಅಂಗಡಿಯಲ್ಲೇ ಗಾಂಜಾ ಕೊಳ್ಳಬಹುದು. ಆದರೆ ಆ ಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಂಡು ಅದೇ ರಾಜ್ಯದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಗೇಟು ದಾಟಿದರೆ ಅದು ಅಪರಾಧ!

ಕಾರಣವಿಷ್ಟೆ. ಉದ್ಯಾನ ರಾಜ್ಯದೊಳಗಿದ್ದರೂ ಅದನ್ನು ನೋಡಿಕೊಳ್ಳುವುದು ಕೇಂದ್ರ ಸರ್ಕಾರ. ಅಲ್ಲಿ ನಡೆಯುವುದು 1970ರ ಕೇಂದ್ರ ಮಾದಕವಸ್ತು ಕಾಯಿದೆ. ಗ್ರ್ಯಾಂಡ್ ಕ್ಯಾನ್ಯನ್, ಕೊಲರಾಡೋದ ರಾಕಿ ಪರ್ವತ ಉದ್ಯಾನ, ರಾಷ್ಟ್ರೀಯ ಅರಣ್ಯಗಳು, ಎಲ್ಲ ಕಡೆಯೂ ಇದೇ ನಿಯಮ. ಆ ದೇಶದ ನೆಲದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಇಂಥ ಕೇಂದ್ರದ ಜಾಗವೇ. ಸೇದುವ ಸೊಪ್ಪು ಮಾತ್ರವಲ್ಲ, ಗಾಂಜಾ ಬೆರೆಸಿದ ಚಾಕೊಲೇಟು, ಮಿಠಾಯಿಯೂ ನಿಷಿದ್ಧ. ರಾಜ್ಯದ ವೈದ್ಯರು ಕೊಟ್ಟ ಚೀಟಿ ತೋರಿಸಿದರೂ ವಿನಾಯಿತಿ ಇಲ್ಲ. ಕೇಂದ್ರ ಕಾಯಿದೆಯ ಪ್ರಕಾರ ಮೊದಲ ಬಾರಿ ಸಿಕ್ಕಿಬಿದ್ದವರಿಗೆ ಒಂದು ವರ್ಷದವರೆಗೆ ಸೆರೆ, ಕನಿಷ್ಠ 1,000 ಡಾಲರ್ ದಂಡ ವಿಧಿಸಲು ಅವಕಾಶವಿದೆ.

ಅಲ್ಲಿಯ ಪ್ರಜೆಗಳಾದರೆ ದಂಡ ಕಟ್ಟಿ ಮನೆಗೆ ಹೋದಾರು. ವೀಸಾದ ಮೇಲೆ ಓದಲು ಹೋದ ನಮ್ಮ ಮಕ್ಕಳ ಪಾಡು ಬೇರೆ. 30 ಗ್ರಾಂ ಮೀರದಷ್ಟು ಗಾಂಜಾ ಸ್ವಂತ ಬಳಕೆಗೆಂದು ಒಂದೇ ಸಲ ಇಟ್ಟುಕೊಂಡಿದ್ದವರನ್ನು ಆ ಒಂದು ಕಾರಣಕ್ಕೆ ಗಡೀಪಾರು ಮಾಡುವಂತಿಲ್ಲ, ನಿಜ. ಆದರೆ ಅಕ್ಕನ ಮದುವೆಗೆಂದು ಊರಿಗೆ ಬಂದವನು ಮರಳಿ ಹೋಗಲು ಹೊಸ ವೀಸಾ ಕೇಳಿದಾಗ ಆ ಹಳೆಯ ಪ್ರಕರಣವೇ ಬಾಗಿಲು ಮುಚ್ಚಬಹುದು. ಶಿಕ್ಷೆಯಾಗಿರಲೇಬೇಕೆಂದಿಲ್ಲ, ಅಧಿಕಾರಿಯ ಮುಂದೆ ತಪ್ಪೊಪ್ಪಿಕೊಂಡರೂ ಸಾಕು. 2022ರಲ್ಲಿ ಅಧ್ಯಕ್ಷ ಬೈಡನ್ ಗಾಂಜಾ ಇಟ್ಟುಕೊಂಡಿದ್ದ ತಪ್ಪಿಗೆ ಕ್ಷಮಾದಾನ ಘೋಷಿಸಿ, 2023ರಲ್ಲಿ ಅದನ್ನು ಕೇಂದ್ರದ ಜಾಗಗಳಲ್ಲಿ ಸೇವಿಸಿದವರಿಗೂ ವಿಸ್ತರಿಸಿದರು. ಆ ಕ್ಷಮೆ ಸಿಕ್ಕಿದ್ದು ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ, ವಿದ್ಯಾರ್ಥಿ ವೀಸಾದವರಿಗಲ್ಲ.

ರಜೆ ಬಂತೆಂದರೆ ನಾಲ್ಕಾರು ಗೆಳೆಯರು ಒಂದೇ ಕಾರಿನಲ್ಲಿ ಉದ್ಯಾನ ನೋಡಲು ಹೊರಡುವುದು ಅಲ್ಲಿ ಸಾಮಾನ್ಯ. ಕಾರಿನಲ್ಲಿ ಪೊಟ್ಟಣ ಸಿಕ್ಕರೆ "ನನ್ನದಲ್ಲ" ಎಂದು ಸಾಬೀತು ಮಾಡುವುದು ಸುಲಭವಲ್ಲ. ಆದ್ದರಿಂದ ಹೊರಡುವ ಮುನ್ನವೇ ವಿಚಾರಿಸಿಕೊಳ್ಳುವುದು ಜಾಣತನ.

ಹೊಲ ಅಡವಿಟ್ಟು, ಬ್ಯಾಂಕಿನಲ್ಲಿ ಸಾಲ ಮಾಡಿ ಮಕ್ಕಳನ್ನು ಕಳುಹಿಸಿದ ತಂದೆತಾಯಿಗಳೇ, ಫೋನಿನಲ್ಲಿ "ಊಟ ಆಯಿತೇ?" ಎಂದು ಕೇಳುವಾಗ ಈ ಮಾತನ್ನೂ ಒಮ್ಮೆ ಕಿವಿಗೆ ಹಾಕಿ. ಬೈಗುಳ ಬೇಡ, ಕಾಯಿದೆ ಹೀಗಿದೆ ಎಂದು ತಿಳಿಸಿದರೆ ಸಾಕು.