ದಾಕ್ಷಿಣ್ಯವಿಲ್ಲದ ಕಿವಿ

ಯಮುನೆಯ ಬಲದಂಡೆಯಲ್ಲಿ ಕಾರ್ಖಾನೆಗಳಿಂದಲೂ ಕಾರ್ಮಿಕರ ವಸತಿಗಳಿಂದಲೂ ಕಿಕ್ಕಿರಿದಿರುವ ದಿಲ್ಲಿಯ ಓಖ್ಲಾದಂತಹ ಪ್ರದೇಶದಲ್ಲಿ, ಒಂದು ದಿನದ ಕೂಲಿಯನ್ನು ಬಿಟ್ಟು ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತು ಔಷಧವನ್ನು ಪಡೆದು ಹೊರಡುವ ರೋಗಿಯನ್ನು ಅಲ್ಲಿಯ ಸಿಬ್ಬಂದಿಯೇ ತಡೆದು “ಚಿಕಿತ್ಸೆ ಹೇಗಿತ್ತು?” ಎಂದು ಕೇಳಿದರೆ, ನಾಳೆ ಮತ್ತೆ ಅದೇ ಬಾಗಿಲಿಗೆ ಬರಬೇಕಾದ ಆತನು “ಚೆನ್ನಾಗಿತ್ತು” ಎನ್ನದೆ ಮತ್ತೇನೆಂದಾನು? ದಾಕ್ಷಿಣ್ಯವು ಸಜ್ಜನಿಕೆಯ ಲಕ್ಷಣವೇ ಸರಿ. ಆದರೆ ಆರೋಗ್ಯಸೇವೆಯ ಗುಣದೋಷಗಳನ್ನು ಅಳೆಯಹೊರಟವನಿಗೆ ಅದಕ್ಕಿಂತ ದೊಡ್ಡ ವಿಘ್ನವಿಲ್ಲ.

ಈ ದಾಕ್ಷಿಣ್ಯದ ಪ್ರಮಾಣವನ್ನು ಅಂಕೆಗಳಲ್ಲಿ ಹಿಡಿದು ತೋರಿಸಿದ ಪ್ರಯೋಗವು ನಡೆದುದು ನಮ್ಮ ಬೆಂಗಳೂರಿನಲ್ಲಿಯೇ. ನಿಕೋಲಾ ಡೆಲ್, ಇಂದ್ರಾಣಿ ಮೇಧಿ ಮೊದಲಾದ ಸಂಶೋಧಕರು 450 ಸಂದರ್ಶನಗಳನ್ನು ನಡೆಸಿ 2012ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಸರ್ವಥಾ ಏಕರೂಪವಾದ ಎರಡು ಸಾಧನಗಳನ್ನು ಮುಂದಿಟ್ಟು, ಅವುಗಳಲ್ಲೊಂದು ಸಂದರ್ಶಕನದೇ ರಚನೆಯೆಂಬ ಭಾವನೆ ಬರುವಂತೆ ಮಾಡಿದ ಮಾತ್ರಕ್ಕೆ, ಜನರು ಅದನ್ನೇ ಮೆಚ್ಚುವ ಸಂಭವವು ಸುಮಾರು ಎರಡೂವರೆ ಪಟ್ಟಾಯಿತು. ಸಂದರ್ಶಕನು ದುಭಾಷಿಯೊಡನೆ ಬಂದ ವಿದೇಶೀಯನಾದಾಗ ಅದು ಐದು ಪಟ್ಟಿಗೇರಿತು. ಪ್ರಶ್ನಿಸುವವನ ಮುಖವೇ ಉತ್ತರವನ್ನು ತಿದ್ದುತ್ತದೆ ಎಂದಾಯಿತು. ಹಾಗಾದರೆ ಮುಖವಿಲ್ಲದ ಪ್ರಶ್ನಕನೊಬ್ಬನು ಬೇಕು. ದೂರವಾಣಿಯಲ್ಲಿ ಮೊದಲೇ ಮುದ್ರಿತವಾದ ಧ್ವನಿಯು ಅಂತಹವನು.

ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿ ಆರಂಭಿಸಿದ ‘ಮೇರಾ ಅಸ್ಪತಾಲ್’ ಎಂಬ ವ್ಯವಸ್ಥೆಯಲ್ಲಿ, ರೋಗಿಯು ನೋಂದಣಿಯ ಕಾಲದಲ್ಲಿ ಬರೆಯಿಸಿದ ಸಂಖ್ಯೆಗೆ ಬಳಿಕ ಎಸ್ಸೆಮ್ಮೆಸ್ಸೋ ಯಂತ್ರಚಾಲಿತ ಕರೆಯೋ ಹೋಗುತ್ತದೆ. ತೃಪ್ತಿಯೋ ಅತೃಪ್ತಿಯೋ, ಅತೃಪ್ತಿಯಾದರೆ ಸಿಬ್ಬಂದಿಯ ನಡವಳಿಕೆಯಿಂದಲೋ ಶುಚಿತ್ವದ ಅಭಾವದಿಂದಲೋ ವೆಚ್ಚದಿಂದಲೋ ಎಂಬ ಪ್ರಶ್ನೆಗಳಿಗೆ ಗುಂಡಿಯನ್ನೊತ್ತಿ ಉತ್ತರಿಸಿದರಾಯಿತು.

ಇಂತಹ ಕರೆಗಳಲ್ಲಿ ನಾವೊತ್ತಿದ ಗುಂಡಿಯನ್ನು ದೂರದ ಗಣಕಯಂತ್ರವು ಗುರುತಿಸುವ ಬಗೆಯು ಬಹು ಮನೋಹರವಾದುದು. ಒಂದೊಂದು ಗುಂಡಿಗೂ ಏಕಕಾಲದಲ್ಲಿ ಹೊರಡುವ ಎರಡು ಸ್ವರಗಳು ನಿಯತವಾಗಿವೆ: ಅಡ್ಡಸಾಲಿಗೊಂದು, ಕಂಬಸಾಲಿಗೊಂದು. ‘1’ಕ್ಕೆ 697 ಹರ್ಟ್ಸಿನ ಸ್ವರವೂ 1209 ಹರ್ಟ್ಸಿನ ಸ್ವರವೂ ಕೂಡುತ್ತವೆ, ‘5’ಕ್ಕೆ 770 ಮತ್ತು 1336. ಒಂದೇ ಸ್ವರವಾಗಿದ್ದಿದ್ದರೆ ಮಗುವಿನ ಅಳುವೋ ಬೀದಿಯ ಶಿಳ್ಳೆಯೋ ಯಂತ್ರವನ್ನು ಮೋಸಗೊಳಿಸಬಹುದಾಗಿತ್ತು. ಒಂದು ಮತ್ತೊಂದರ ಸರಳ ಗುಣಕವಾಗದಂತೆ ಆಯ್ದ ಈ ಜೋಡಿಗಳನ್ನು ಮನುಷ್ಯಕಂಠವು ಅಕಸ್ಮಾತ್ತಾಗಿ ನುಡಿಯುವುದು ಅತಿ ವಿರಳ. ಓದುಬರೆಹವಿಲ್ಲದವನ ಅಭಿಪ್ರಾಯವನ್ನೂ ಲೆಕ್ಕಕ್ಕೆ ತರುವ ಶಕ್ತಿ ಈ ಸ್ವರಯುಗ್ಮಕ್ಕಿದೆ.

ಬರೆದು ತಿಳಿಸುವವರಿಗೆ, ಅದರಲ್ಲಿಯೂ ಕನ್ನಡಿಗರಿಗೆ, ದಾರಿಯು ಅಷ್ಟು ವಿಶಾಲವಲ್ಲ. ಒಂದು ಎಸ್ಸೆಮ್ಮೆಸ್ಸಿನ ಒಡಲು 140 ಬೈಟುಗಳು. ಅಕ್ಷರಕ್ಕೆ ಏಳು ಬಿಟ್ಟುಗಳಂತೆ ರೋಮನ್ ಲಿಪಿಯು ಅದರಲ್ಲಿ 160 ಅಕ್ಷರಗಳನ್ನಡಗಿಸಿದರೆ, 16 ಬಿಟ್ಟುಗಳನ್ನು ಬೇಡುವ ನಮ್ಮ ಲಿಪಿಗೆ ದೊರೆಯುವುದು 70 ಸಂಕೇತಗಳು ಮಾತ್ರ. ಒತ್ತಕ್ಷರಕ್ಕೂ ಗುಣಿತಕ್ಕೂ ಪ್ರತ್ಯೇಕ ಸಂಕೇತಗಳು ಬೇಕಾಗುವುದರಿಂದ, ಕಣ್ಣಿಗೆ ಮೂರೇ ಅಕ್ಷರವಾಗಿ ಕಾಣುವ ‘ಆಸ್ಪತ್ರೆ’ಯೇ ಎಂಟನ್ನು ನುಂಗುತ್ತದೆ.

ನನಗೆ ಇದಕ್ಕಿಂತಲೂ ಕಳವಳವನ್ನುಂಟುಮಾಡುವುದು, ಕರೆಯೇ ಮುಟ್ಟದವರ ಮೌನ. ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆಯು 1936ರಲ್ಲಿ ದೂರವಾಣಿ ಮತ್ತು ಕಾರುಗಳುಳ್ಳವರ ಪಟ್ಟಿಗಳಿಂದ ಹೆಸರುಗಳನ್ನಾಯ್ದು, ಇಪ್ಪತ್ತು ಲಕ್ಷಕ್ಕೂ ಮಿಗಿಲಾದ ಉತ್ತರಗಳನ್ನು ಸಂಗ್ರಹಿಸಿ, ಅಧ್ಯಕ್ಷಪದವಿಯ ಚುನಾವಣೆಯಲ್ಲಿ ರೂಸ್‌ವೆಲ್ಟರು ಸೋಲುವರೆಂದು ಸಾರಿತು. ಅವರು 48 ರಾಜ್ಯಗಳ ಪೈಕಿ 46ನ್ನು ಗೆದ್ದರು. ಬಡವರನ್ನು ಕೇಳದೆ ಎಷ್ಟು ಲಕ್ಷ ಜನರನ್ನು ಕೇಳಿದರೂ ಫಲವೇನು? ನಮ್ಮ ದೇಶದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲು ಇದ್ದ ಸ್ತ್ರೀಯರು ಶೇಕಡಾ 54 ಮಾತ್ರ. ಹೆರಿಗೆಗೆ ಬಂದವಳು ಬರೆಯಿಸುವ ಸಂಖ್ಯೆಯು ಗಂಡನದೋ ಮೈದುನನದೋ ಆಗಿರುವುದುಂಟು. ಕರೆ ಬಂದಾಗ ಗುಂಡಿಯನ್ನೊತ್ತುವವನು ಹೆರಿಗೆಯ ಕೋಣೆಯನ್ನು ಕಂಡವನಲ್ಲ.

ಆದುದರಿಂದಲೇ, ಒಂದೆರಡು ಗುಂಡಿಗಳಿಗೆ ತೃಪ್ತವಾಗದೆ ಮಾತನ್ನೇ ಆಲಿಸಲೆಳಸಿದ ಪ್ರಯತ್ನಗಳು ನನಗೆ ಹೆಚ್ಚು ಆದರಣೀಯವಾಗಿ ತೋರುತ್ತವೆ. ಓಖ್ಲಾದ ಮೂರನೆಯ ಹಂತದಲ್ಲಿರುವ ಇಂದ್ರಪ್ರಸ್ಥ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ರೂಪಿಸಿದ ‘ಸಂಗೋಷ್ಠಿ’ಯಲ್ಲಿ, ಗ್ರಾಮೀಣ ಆಶಾ ಕಾರ್ಯಕರ್ತೆಯರು ಸಾಮಾನ್ಯ ಫೋನಿನಿಂದಲೇ ಒಂದೆಡೆ ಸೇರಿದಂತೆ ಕೂಡಿ, ತಜ್ಞರ ಮಾತನ್ನು ಕೇಳಿ, ತಮ್ಮ ಸಂದೇಹಗಳನ್ನು ಮುಂದಿಡಬಹುದಾಗಿತ್ತು. ಅದಕ್ಕೂ ಮೊದಲೇ, 2010ರಲ್ಲಿ, ಶುಭ್ರಾಂಶು ಚೌಧರಿಯವರು ಛತ್ತೀಸಗಢದಲ್ಲಿ ಆರಂಭಿಸಿದ ‘ಸೀಜಿನೆಟ್ ಸ್ವರ’ಕ್ಕೆ ಕಾಡಿನ ಜನರು ಮಾಡಿದ ಕರೆಗಳು ಬೆಂಗಳೂರಿನ ಸಂಖ್ಯೆಯೊಂದಕ್ಕೆ ಬಂದು, ಹಿಂದಿಯಲ್ಲಿಯೂ ಗೊಂಡಿಯಲ್ಲಿಯೂ ಅವರಾಡಿದ ದೂರುಗಳು ಧ್ವನಿರೂಪದಲ್ಲಿಯೇ ಎಲ್ಲರಿಗೂ ಕೇಳಸಿಗುತ್ತಿದ್ದವು, ಸಂಬಂಧಪಟ್ಟ ಅಧಿಕಾರಿಯ ಸಂಖ್ಯೆಯನ್ನೂ ಹೇಳುವ ಪದ್ಧತಿಯಿದ್ದುದರಿಂದ, ಕೇಳಿದವರು ನೇರವಾಗಿ ಆತನಿಗೇ ಕರೆಮಾಡಿ ವಿಚಾರಿಸುತ್ತಿದ್ದರು. ಆಸ್ಪತ್ರೆಯ ಯಂತ್ರಚಾಲಿತ ಕರೆಯಲ್ಲಿಯೂ, ಅತೃಪ್ತನಾದವನು ತನ್ನ ನುಡಿಯಲ್ಲಿ ಅರೆನಿಮಿಷ ಮಾತನಾಡಲು ಎಡೆಯಿರಬೇಕು, ಏನನ್ನು ಸರಿಪಡಿಸಲಾಯಿತೆಂದು ತಿಳಿಸುವ ಮರುಕರೆಯೂ ಬರಬೇಕು ಎಂದು ನಾನು ಬಯಸುತ್ತೇನೆ. ನಮ್ಮ ಜಿಲ್ಲಾಸ್ಪತ್ರೆಗಳಿಗೂ ತುಳು, ಕೊಡವ, ಬ್ಯಾರಿ, ಲಂಬಾಣಿಗಳನ್ನಾಡುವವರು ದಿನವೂ ಬರುತ್ತಾರಲ್ಲವೆ?