ಹುಲ್ಲಿನ ಕೋಣೆಯೂ ನಿಮ್ಮ ಕೆಲಸದ ಜಾಗ: ಉಸಿರಿನ ಕಡೆ ಗಮನವಿರಲಿ



ಕೆಲವು ವರ್ಷಗಳ ಹಿಂದೆ ರಾಗಿ ಕೊಯ್ಲಿನ ಹೊತ್ತಿಗೇ ಮಳೆ ಹಿಡಿದಿತ್ತು. ನೆನೆದ ಹುಲ್ಲನ್ನು ಅರ್ಧಂಬರ್ಧ ಒಣಗಿಸಿ ಎಲ್ಲರೂ ಒಳಗೆ ಹಾಕಿಕೊಂಡಿದ್ದರು. ಆ ಬೇಸಿಗೆಯಲ್ಲಿ ಒಂದು ಮನೆಗೆ ಹೋಗಿದ್ದೆ. ಹಸು ಮೇವು ಬಿಟ್ಟಿತ್ತು, ಹಾಲು ಇಳಿದಿತ್ತು. ಮನೆಯಾಕೆ ಒಳಗಿನಿಂದ ಒಂದು ಹೊರೆ ಹುಲ್ಲು ತಂದು ನನ್ನ ಮುಂದೆ ಕೊಡವಿದರು. ಬಿಳಿ ಪುಡಿ ಹೊಗೆಯಂತೆ ಎದ್ದಿತು. "ಬೂಷ್ಟು ಹಿಡಿದಿದೆ, ಇದನ್ನು ಹಾಕಬೇಡಿ" ಎಂದು ಹೇಳಿ ಹಸುವಿಗೆ ಔಷಧಿ ಕೊಟ್ಟೆ. ಕೊಡವುವಾಗ ಆಕೆ ಕೆಮ್ಮುತ್ತಲೇ ಇದ್ದರು. ಕೇಳಿದ್ದಕ್ಕೆ, "ಏನಿಲ್ಲ ಡಾಕ್ಟ್ರೇ, ಧೂಳಿಗೆ ಒಸಿ ಕೆಮ್ಮು. ರಾತ್ರಿ ಹೊತ್ತು ಮೈ ಬಿಸಿ ಬರ್ತದೆ, ಬೆಳಿಗ್ಗೆಗೆ ಸರಿಹೋಯ್ತದೆ" ಅಂದರು. ನಾನು ತಲೆಯಾಡಿಸಿ ಬೈಕ್ ಹತ್ತಿದೆ.

ಹಸುವಿನ ಹೊಟ್ಟೆಗೆ ಹೋಗಬಾರದು ಎಂದು ನಾನೇ ಹೇಳಿದ ಆ ಪುಡಿ ದಿನಕ್ಕೆ ಎರಡು ಹೊತ್ತು ಆಕೆಯ ಎದೆಗೆ ಹೋಗುತ್ತಿದೆ ಎಂಬುದು ಅವತ್ತು ನನಗೆ ಹೊಳೆಯಲಿಲ್ಲ.

ಮುಂದಿನ ವರ್ಷ ಅದೇ ಮನೆಗೆ ಹೋದಾಗ ಆಕೆ ತೂಕ ಇಳಿದಿದ್ದರು. ಹಾಲಿನ ಕ್ಯಾನು ಎತ್ತಿದರೆ ಏದುಸಿರು. ಕಫ ಪರೀಕ್ಷೆ ಮಾಡಿಸಿದ್ದರು, ಕ್ಷಯ ಇರಲಿಲ್ಲ. ದೊಡ್ಡಾಸ್ಪತ್ರೆಯ ಎದೆರೋಗದ ವೈದ್ಯರು "ಏನು ಕೆಲಸ ಮಾಡ್ತೀರಮ್ಮ?" ಎಂದು ಕೇಳಿದರೆ, "ಏನೂ ಇಲ್ಲ, ಮನೇಲೇ ಇರ್ತೀನಿ" ಅಂದರಂತೆ. ನಾಲ್ಕು ಹಸು ಸಾಕುವ ಹೆಂಗಸು! ಜೊತೆಗಿದ್ದ ಮಗಳು ಹುಲ್ಲಿನ ವಿಷಯ ಬಾಯಿಬಿಟ್ಟ ಮೇಲೆಯೇ ವೈದ್ಯರಿಗೆ ದಾರಿ ಸಿಕ್ಕಿದ್ದು.

ಈ ಕಾಯಿಲೆಗೆ ಇಂಗ್ಲಿಷಿನಲ್ಲಿ 'ಫಾರ್ಮರ್ಸ್ ಲಂಗ್' ಎನ್ನುತ್ತಾರೆ, ಅಂದರೆ ರೈತರ ಶ್ವಾಸಕೋಶದ ಕಾಯಿಲೆ. 1932ರಲ್ಲಿ ಇಂಗ್ಲೆಂಡಿನ ಕ್ಯಾಂಪ್‌ಬೆಲ್ ಎಂಬ ವೈದ್ಯರು ಬೂಷ್ಟು ಹುಲ್ಲಿನಲ್ಲಿ ಕೆಲಸ ಮಾಡಿದ ರೈತರಲ್ಲಿ ಇದನ್ನು ಗುರುತಿಸಿ ಬರೆದರು. ಅಲ್ಲಿಯೂ ಕಾರಣ ಇದೇ, ಮಳೆಗೆ ಸಿಕ್ಕ ಹುಲ್ಲು. ತೇವಾಂಶ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚಿರುವಾಗ ಒಟ್ಟಿದರೆ ಹುಲ್ಲು ಒಳಗೊಳಗೇ ಬಿಸಿಯಾಗುತ್ತದೆ. ಆ ಬಿಸಿಯನ್ನು ಇಷ್ಟಪಡುವ ಸೂಕ್ಷ್ಮಜೀವಿಗಳು ಮತ್ತು ಬೂಷ್ಟು ಅಲ್ಲಿ ಬೆಳೆಯುತ್ತವೆ. ಹುಲ್ಲು ಕೊಡವಿದಾಗ ಅವುಗಳ ಕಣಗಳು ಲಕ್ಷಗಟ್ಟಲೆ ಗಾಳಿಗೆ ಏಳುತ್ತವೆ. ಮೂಗಿನಲ್ಲಿ ನಿಲ್ಲದಷ್ಟು ಸಣ್ಣವಾದ್ದರಿಂದ ನೇರ ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ. ಕೆಲವರ ಮೈ ಅದಕ್ಕೆ ಅಲರ್ಜಿಯಂತೆ ತಿರುಗಿ ಬೀಳುತ್ತದೆ.

ಇದನ್ನು ಗುರುತಿಸುವುದು ಕಷ್ಟ, ಏಕೆಂದರೆ ತೊಂದರೆ ಕೂಡಲೇ ಕಾಣುವುದಿಲ್ಲ. ಧೂಳು ಕುಡಿದ ನಾಲ್ಕರಿಂದ ಎಂಟು ಗಂಟೆಯ ನಂತರ ಚಳಿ, ಜ್ವರ, ಮೈಕೈ ನೋವು, ಒಣಕೆಮ್ಮು, ಎದೆ ಬಿಗಿತ ಬರುತ್ತವೆ. ಬೆಳಿಗ್ಗೆ ಹುಲ್ಲು ಕೊಡವಿದ್ದಕ್ಕೂ ಸಂಜೆಯ ಜ್ವರಕ್ಕೂ ಯಾರು ಗಂಟು ಹಾಕುತ್ತಾರೆ? ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ, ಮತ್ತೆ ಕೊಡವಿದರೆ ಮತ್ತೆ ಬರುತ್ತದೆ. ತವರಿಗೋ ಮದುವೆಗೋ ಹೋಗಿ ನಾಲ್ಕು ದಿನ ಇದ್ದಾಗ ಚೆನ್ನಾಗಿದ್ದು, ಮನೆಗೆ ಬಂದು ಕೊಟ್ಟಿಗೆ ಕೆಲಸ ಹಿಡಿದ ಕೂಡಲೇ ಕೆಮ್ಮು ಶುರುವಾದರೆ ಅನುಮಾನ ಪಡಿ. ಇದು ಸೋಂಕಲ್ಲ, ಆ್ಯಂಟಿಬಯೋಟಿಕ್ ಮಾತ್ರೆಗೆ ವಾಸಿಯಾಗುವುದಿಲ್ಲ. ವರ್ಷಗಟ್ಟಲೆ ಧೂಳು ಕುಡಿದರೆ ಶ್ವಾಸಕೋಶ ಗಟ್ಟಿಯಾಗುತ್ತದೆ, ಹಾಗೆ ಗಟ್ಟಿಯಾದದ್ದು ಹಿಂದಿನಂತಾಗುವುದಿಲ್ಲ. ಎರಡು ವಾರ ದಾಟಿದ ಯಾವುದೇ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು. ಜೊತೆಗೆ ವೈದ್ಯರಿಗೆ ಬಾಯಿಬಿಟ್ಟು ಹೇಳಿ: "ನಾನು ಹಸು ಸಾಕ್ತೀನಿ, ದಿನಾ ಹುಲ್ಲಿನ ಧೂಳಲ್ಲಿ ಕೆಲಸ ಮಾಡ್ತೀನಿ." ನಾನು ಹಸುವಿನ ಡಾಕ್ಟರು, ನಿಮಗೆ ಮಾತ್ರೆ ಬರೆಯಲಾರೆ. ಧೂಳು ಹುಟ್ಟುವ ಜಾಗದ ಬಗ್ಗೆ ಮಾತ್ರ ಹೇಳಬಲ್ಲೆ.

ಒದ್ದೆ ಹುಲ್ಲನ್ನು ಒಳಗೆ ಹಾಕಲೇಬೇಡಿ. ಇನ್ನೊಂದು ಬಿಸಿಲು ಸಿಗುವವರೆಗೆ ತೆಳ್ಳಗೆ ಹರಡಿ. ಮೆದೆ ಒಟ್ಟಿದ ಮೇಲೆ ಅನುಮಾನವಿದ್ದರೆ ಉದ್ದನೆಯ ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ, ಕಾಲು ಗಂಟೆ ಬಿಟ್ಟು ಎಳೆದು ಮುಟ್ಟಿ ನೋಡಿ. ಕೈ ಸುಡುವಂತಿದ್ದರೆ ಒಳಗೆ ಬೇಯುತ್ತಿದೆ ಎಂದರ್ಥ. ಅಂಥ ಹುಲ್ಲು ತಾನಾಗಿಯೇ ಹೊತ್ತಿಕೊಳ್ಳುವುದೂ ಉಂಟು. ಕೋಣೆಯ ನೆಲಕ್ಕೆ ಮರದ ಹಲಗೆಯನ್ನೋ ಕಲ್ಲಿನ ಮೇಲೆ ಗಳುಗಳನ್ನೋ ಹಾಕಿ, ಹುಲ್ಲೂ ಪಶು ಆಹಾರದ ಮೂಟೆಯೂ ನೆಲಕ್ಕೆ, ಗೋಡೆಗೆ ತಾಗದಂತೆ ಇಡಿ. ಎದುರುಬದುರು ಎರಡು ಕಿಂಡಿಗಳಿದ್ದರೆ ಗಾಳಿ ಓಡಾಡುತ್ತದೆ.

ಹುಲ್ಲನ್ನು ಕೋಣೆಯೊಳಗೆ ಕೊಡವಬೇಡಿ. ಹೊರೆಯನ್ನು ಬಯಲಿಗೆ ತಂದು, ಗಾಳಿಗೆ ಬೆನ್ನು ಕೊಟ್ಟು ನಿಂತು ಬಿಡಿಸಿ. ಹಾಕುವ ಮುಂಚೆ ಆ ಹೊತ್ತಿಗೆ ಬೇಕಾದಷ್ಟಕ್ಕೆ ಮಾತ್ರ ನೀರು ಚಿಮುಕಿಸಿದರೆ ಧೂಳು ಕೂರುತ್ತದೆ. ಸೆರಗನ್ನು ಮೂಗಿಗೆ ಕಟ್ಟಿಕೊಳ್ಳುವುದು ಸಾಲದು, ಈ ಕಣಗಳು ಬಟ್ಟೆಯನ್ನು ಸಲೀಸಾಗಿ ದಾಟುತ್ತವೆ. ಕೊರೊನಾ ಕಾಲದಲ್ಲಿ ಕಂಡ ಎನ್-95 ಮಾಸ್ಕನ್ನು ಮೂಗಿನ ಪಟ್ಟಿ ಒತ್ತಿ ಸರಿಯಾಗಿ ಹಾಕಿಕೊಳ್ಳಿ. ಕಪ್ಪಾಗಿ, ಹಸಿರಾಗಿ ಬೂಷ್ಟು ಹಿಡಿದ ಹುಲ್ಲನ್ನು ತಿಪ್ಪೆಗೆ ಹಾಕಿ, ಉಳಿಸಲು ನೋಡಬೇಡಿ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಮೆಕ್ಕೆಜೋಳದಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹಾಲಿಗೂ ಇಳಿಯುತ್ತದೆ. ಕಾಯಿಸಿದರೂ ಅದು ಹೋಗುವುದಿಲ್ಲ.

ಇನ್ನು ಅದೇ ಕೋಣೆಯಲ್ಲಿರುವ ಇನ್ನೊಂದು ಅಪಾಯದ ಬಗ್ಗೆ ಹೇಳಬೇಕು. ಅನೇಕ ಮನೆಗಳಲ್ಲಿ ಮೇವಿನ ಪಕ್ಕದಲ್ಲೇ ಜೋಳ, ಅವರೆ, ಹುರುಳಿಯ ಮೂಟೆಗಳಿರುತ್ತವೆ, ಹುಳ ಬೀಳದಿರಲೆಂದು ಮೂಟೆಯೊಳಗೆ 'ಕಾಳಿನ ಮಾತ್ರೆ' ಇಟ್ಟಿರುತ್ತಾರೆ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. 3 ಗ್ರಾಂ ತೂಕದ ಒಂದು ಮಾತ್ರೆಯಿಂದ 1 ಗ್ರಾಂ ಅನಿಲ ಹೊರಬರುತ್ತದೆ. ಹುಳವನ್ನು ಕೊಲ್ಲುವ ಅನಿಲ ಪಕ್ಕದ ಕೋಣೆಯಲ್ಲಿ ಮಲಗಿದ ಮಗುವನ್ನೂ ಬಿಡುವುದಿಲ್ಲ, ಬಾಗಿಲ ಸಂದಿಯಿಂದ ನುಸುಳುತ್ತದೆ. ಬೆಳ್ಳುಳ್ಳಿಯಂಥ ಅಥವಾ ಕೊಳೆತ ಮೀನಿನಂಥ ವಾಸನೆ ಬರಬಹುದು, ಆದರೆ ವಾಸನೆ ಇಲ್ಲವೆಂದರೆ ಅನಿಲ ಇಲ್ಲವೆಂದಲ್ಲ. ಇದಕ್ಕೆ ಪ್ರತ್ಯೌಷಧ ಇಲ್ಲ. ತರಬೇತಿ ಇರುವವರು ಮುಚ್ಚಿದ ಗೋದಾಮಿನಲ್ಲಿ ಬಳಸಬೇಕಾದ ವಸ್ತು ಇದು, ಅಂಗಡಿಯಲ್ಲಿ ಬಿಡಿಬಿಡಿಯಾಗಿ ಕೊಟ್ಟರೂ ಮನೆಗೆ ತರಬೇಡಿ. ಈಗಾಗಲೇ ಇಟ್ಟಿದ್ದರೆ ಅದರ ಮೇಲೆ ನೀರು ಹಾಕಬೇಡಿ, ಅನಿಲ ಒಮ್ಮೆಲೇ ಏಳುತ್ತದೆ, ಬೆಂಕಿಯೂ ಹತ್ತಬಹುದು. ಮನೆಯವರೆಲ್ಲ ಹೊರಗೆ ಬಂದು, ಕೃಷಿ ಇಲಾಖೆಯವರನ್ನು ಕೇಳಿ ಮುಂದಿನದು ಮಾಡಿ. ಕಾಳನ್ನು ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಆರಿದ ಮೇಲೆ ಗಾಳಿಯಾಡದ ಡ್ರಮ್ಮಿಗೆ ತುಂಬಿ ಭದ್ರವಾಗಿ ಮುಚ್ಚಿದರೆ ಹುಳದ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ.

ನಮ್ಮ ಕಡೆ ಹಿಂದೆ ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು, ನಿಮ್ಮ ಅಜ್ಜಿಯರಿಗೆ ನೆನಪಿರಬಹುದು. ಹಗೇವಿನ ಬಾಯಿ ತೆಗೆದ ಕೂಡಲೇ ಯಾರನ್ನೂ ಇಳಿಯಲು ಬಿಡುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಆರಿಹೋದರೆ ಕಾಯುತ್ತಿದ್ದರು. ಈಗ ಹಗೇವು ಹೋಗಿ ಸೈಲೇಜ್ ಗುಂಡಿ ಬಂದಿದೆ, ಆ ಎಚ್ಚರ ಮಾತ್ರ ಜೊತೆಗೆ ಬಂದಿಲ್ಲ.

ಹಸಿಮೇವನ್ನು ಕತ್ತರಿಸಿ ಗುಂಡಿಗೆ ತುಂಬಿದ ಕೆಲವೇ ಗಂಟೆಗಳಲ್ಲಿ ಅದು ಹುದುಗಲು ಶುರುವಾಗುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಉಸಿರಾಡುವ ಗಾಳಿಯನ್ನು ಹೊರದೂಡುತ್ತದೆ. ಯೂರಿಯಾ ಹೆಚ್ಚು ಹಾಕಿದ ಅಥವಾ ಬರಕ್ಕೆ ಸಿಕ್ಕ ಜೋಳವಾದರೆ ನೈಟ್ರೋಜನ್ ಡೈಆಕ್ಸೈಡ್ ಕೂಡ ಏಳುತ್ತದೆ. ಎರಡೂ ಗಾಳಿಗಿಂತ ಭಾರ, ತಗ್ಗಿನಲ್ಲೇ ನಿಲ್ಲುತ್ತವೆ. ಮೊದಲ ಮೂರು ದಿನ ಅಪಾಯ ಹೆಚ್ಚು, ಮೂರು ವಾರದವರೆಗೂ ಅದು ಇದ್ದೇ ಇರುತ್ತದೆ. ಒಂದು ಬದಿ ತೆರೆದ, ನೆಲದ ಮೇಲಿನ ತೊಟ್ಟಿಯಲ್ಲಿ ಅಪಾಯ ಕಡಿಮೆ. ನನಗೆ ಹೆದರಿಕೆ ಇರುವುದು ಆಳುದ್ದದ ಗುಂಡಿಯ ಬಗ್ಗೆ, ಅದರಲ್ಲೂ ಇವತ್ತು ಅರ್ಧ ತುಂಬಿ, ನಾಳೆ ಬೆಳಿಗ್ಗೆ ತುಳಿಯಲು ಇಳಿಯುವ ರೂಢಿಯ ಬಗ್ಗೆ. ಒಂದೇ ದಿನದಲ್ಲಿ ತುಂಬಿ ಮುಚ್ಚುವಷ್ಟು ಚಿಕ್ಕ ಗುಂಡಿ ಮಾಡಿಕೊಳ್ಳಿ. ಹಳದಿ-ಕಂದು ಹೊಗೆ ಕಂಡರೆ ಅಥವಾ ಬ್ಲೀಚಿಂಗ್ ಪೌಡರಿನಂಥ ವಾಸನೆ ಬಂದರೆ ದೂರ ಸರಿಯಿರಿ. ದೀಪ ಆರಲಿಲ್ಲ ಎಂದು ಇಲ್ಲಿ ಧೈರ್ಯ ಮಾಡಬೇಡಿ, ನೈಟ್ರೋಜನ್ ಡೈಆಕ್ಸೈಡನ್ನು ದೀಪ ತೋರಿಸುವುದಿಲ್ಲ.

ಯಾರಾದರೂ ಒಳಗೆ ಕುಸಿದರೆ ನೀವು ಇಳಿಯಬೇಡಿ. ಗಂಡ ಬಿದ್ದನೆಂದು ಹೆಂಡತಿ, ಅವಳು ಬಿದ್ದಳೆಂದು ಮೈದುನ ಇಳಿದು ಸಾವು ಹೆಚ್ಚುವುದು ಹೀಗೆಯೇ. ಕೂಗಿ ಜನ ಸೇರಿಸಿ, 112ಕ್ಕೆ ಕರೆ ಮಾಡಿ ಅಗ್ನಿಶಾಮಕದವರನ್ನೂ ಆಂಬುಲೆನ್ಸನ್ನೂ ಕರೆಸಿ. ಗುಂಡಿಯ ಹತ್ತಿರ ಕೆಮ್ಮು, ಕಣ್ಣುರಿ ಬಂದು ಆಮೇಲೆ ಸರಿಹೋಯಿತು ಎನ್ನುವವರೂ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಶ್ವಾಸಕೋಶದಲ್ಲಿ ನೀರು ತುಂಬುವುದು ಎಷ್ಟೋ ಗಂಟೆಗಳ ನಂತರ.

ಮೂಟೆಯ ವಿಷಯ ಒಂದು ಮಾತು. ಸಂಘದಿಂದ ಬರುವ ಪಶು ಆಹಾರದ ಚೀಲ 50 ಕೆ.ಜಿ. ಅದನ್ನು ಒಬ್ಬರೇ ಸೊಂಟಕ್ಕೇರಿಸಬೇಡಿ, ಅರ್ಧ ಬೇರೆ ಚೀಲಕ್ಕೆ ಸುರಿದುಕೊಳ್ಳಿ. ಕತ್ತಲಲ್ಲಿ ಹುಲ್ಲಿಗೆ ಕೈ ಹಾಕುವ ಮುಂಚೆ ಟಾರ್ಚ್ ಬಿಟ್ಟು, ಕೋಲಿನಿಂದ ತಟ್ಟಿ. ಇಲಿ ಇರುವಲ್ಲಿ ಹಾವೂ ಇರುತ್ತದೆ. ಸಂಘದ ಗೋದಾಮಿಗೆ ಕಿಂಡಿ, ದೀಪ, ಮೂಟೆಯಡಿ ಹಲಗೆ ಬೇಕೆಂದು ಈ ಸಲದ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳಿ. ಅದಕ್ಕಾಗುವ ಖರ್ಚು ದೊಡ್ಡದಲ್ಲ.

ಆ ಮನೆಗೆ ಮೊನ್ನೆ ಮತ್ತೆ ಹೋಗಿದ್ದೆ. ಎರಡು ಹಸು ಮಾರಿದ್ದಾರೆ. ಹುಲ್ಲು ಬಿಡಿಸುವ ಕೆಲಸ ಈಗ ಮಗನದು, ಅಂಗಳದಲ್ಲಿ, ಮಾಸ್ಕ್ ಹಾಕಿಕೊಂಡು. ಗಾಳಿಗೆ ಅರ್ಧ ಹುಲ್ಲು ಹಾರಿಹೋಗ್ತದೆ ಎಂದು ಅತ್ತೆಯವರ ತಕರಾರು. ಆಕೆ ಹಾಲು ಕರೆದು ಕ್ಯಾನನ್ನು ಮಗನ ಕೈಗೆ ಕೊಟ್ಟು, ಜಗಲಿಯ ಮೇಲೆ ಕೂತು ಸ್ವಲ್ಪ ಹೊತ್ತು ಸುಧಾರಿಸಿಕೊಂಡರು. ಜ್ವರ ಬರುವುದು ನಿಂತಿದೆ, ಏದುಸಿರು ಪೂರ್ತಿ ಹೋಗಿಲ್ಲ.