ಮುಂಗೈಯ ‘ಮುಂದು’ ಯಾವುದು?

ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದವು. ಪೆದ್ದಕಡುಬೂರಿನಂತಹ ಊರುಗಳಿರುವ ಈ ಸೀಮೆಯಲ್ಲಿ ಕನ್ನಡ ಮತ್ತು ತೆಲುಗು ಒಡನಾಡುತ್ತ ಬಂದಿವೆ. ತೆಲುಗಿನ ‘ಎಡಮ’ ಕನ್ನಡಿಗನಿಗೆ ಸುಲಭವಾಗಿ ಅರ್ಥವಾಗುತ್ತದೆ. ಆದರೆ ಬಲಕ್ಕೆ ತೆಲುಗಿನಲ್ಲಿ ‘ಕುಡಿ’ ಎನ್ನುತ್ತಾರೆ. ಕನ್ನಡದಲ್ಲಿ ಆ ಪದಕ್ಕೆ ಚಿಗುರು ಅಥವಾ ಪಾನಮಾಡು ಎಂದರ್ಥ. ದೇಹದ ದಿಕ್ಕನ್ನು ಹೇಳುವ ಪದ ತಪ್ಪಿದರೆ ಚಿಕಿತ್ಸೆ ಪಡೆಯಬೇಕಾದ ಅಂಗವೇ ತಪ್ಪಬಹುದು.

ಭಾಷೆ ಒಂದೇ ಆದರೂ ತೊಡಕು ತಪ್ಪದು. ಎದುರುಬದುರಾಗಿ ಕುಳಿತಾಗ ವೈದ್ಯರ ಬಲಗೈಗೆ ಎದುರಾಗುವುದು ರೋಗಿಯ ಎಡಗೈ. ಆದ್ದರಿಂದ ಅಂಗರಚನಾಶಾಸ್ತ್ರವು ಒಂದು ಪ್ರಮಾಣಸ್ಥಿತಿಯನ್ನು ಗೊತ್ತುಪಡಿಸಿದೆ: ನೆಟ್ಟಗೆ ನಿಂತ ದೇಹ, ಮುಂದಕ್ಕೆ ನೆಟ್ಟ ನೋಟ, ಪಕ್ಕದಲ್ಲಿ ಇಳಿಬಿಟ್ಟ ತೋಳುಗಳು, ಮುಂದಕ್ಕೆ ತಿರುಗಿದ ಅಂಗೈಗಳು. ಎಡಬಲಗಳು ಯಾವಾಗಲೂ ರೋಗಿಯವೇ. ದೇಹದ ನಡುಗೆರೆಗೆ ಹತ್ತಿರವಾದುದು ಮಧ್ಯಸ್ಥ, ಅದರಿಂದ ದೂರವಾದುದು ಪಾರ್ಶ್ವಸ್ಥ. ಈ ಸ್ಥಿತಿಯಲ್ಲಿ ಕಿರುಬೆರಳು ಮಧ್ಯಸ್ಥ, ಹೆಬ್ಬೆರಳು ಪಾರ್ಶ್ವಸ್ಥ.

ಇಲ್ಲಿ ಅಂಶಿಸಮಾಸದ ಪರಿಚಿತ ಉದಾಹರಣೆಗಳನ್ನು ನೆನೆಯಬಹುದು. ‘ತಲೆಯ ಹಿಂದು ಹಿಂದಲೆ’ ಎಂಬಲ್ಲಿ ‘ಹಿಂದು’ ಎಂದರೆ ಬೆನ್ನಿನ ಕಡೆ. ‘ಕೈಯ ಮುಂದು ಮುಂಗೈ’ ಎಂಬಲ್ಲಿ ‘ಮುಂದು’ ಎಂದರೆ ಎದೆಯ ಕಡೆಯಲ್ಲ. ಇಳಿಬಿಟ್ಟ ತೋಳಿನಲ್ಲಿ ಮುಂಗೈ ಇರುವುದು ಕೆಳಗೆ. ಅಲ್ಲಿ ಅದರ ಅರ್ಥ ಮುಂಡದಿಂದ ದೂರವಾದುದು ಎಂದು. ಶಾಸ್ತ್ರವು ಇದನ್ನು ದೂರಸ್ಥ ಎಂದೂ ಬುಡಕ್ಕೆ ಹತ್ತಿರವಾದುದನ್ನು ಸಮೀಪಸ್ಥ ಎಂದೂ ಬೇರ್ಪಡಿಸುತ್ತದೆ. ಮೊಣಕೈ ಮಣಿಕಟ್ಟಿಗಿಂತ ಸಮೀಪಸ್ಥ. ಎತ್ತಿನ ‘ಮುಂಗಾಲು’ ಮತ್ತೊಂದು ಬಗೆ: ನಾಲ್ಕು ಕಾಲಿನ ಪ್ರಾಣಿಗೆ ತಲೆಯ ಕಡೆಯೇ ಮುಂದು, ಹೊಟ್ಟೆ ಕೆಳಗು, ನಿಂತ ಮನುಷ್ಯನಿಗೆ ಹೊಟ್ಟೆ ಮುಂದು, ತಲೆ ಮೇಲು.

ಚಲನೆಯ ಪದಗಳಲ್ಲಿಯೂ ಇಂತಹ ಖಚಿತತೆ ಬೇಕು. ವೈಶೇಷಿಕ ದರ್ಶನವು ಹೇಳುವ ಐದು ಕರ್ಮಗಳಲ್ಲಿ ಆಕುಂಚನ, ಪ್ರಸಾರಣಗಳೂ ಸೇರಿವೆ. ಮೊಣಕೈಯನ್ನು ಮಡಿಸುವುದು ಆಕುಂಚನ, ಚಾಚುವುದು ಪ್ರಸಾರಣ. ತೋಳನ್ನು ಪಕ್ಕಕ್ಕೆ ಎತ್ತುವುದನ್ನು ಹೊರಸರಿಕೆ, ಮರಳಿ ದೇಹಕ್ಕೆ ಸೇರಿಸುವುದನ್ನು ಒಳಸರಿಕೆ ಎನ್ನಬಹುದು. ತೀರ್ಥಕ್ಕೆ ಕೈ ನೀಡುವಾಗ ಅಂಗೈ ಮೇಲಾಗುತ್ತದೆ. ಆಗ ಮುಂಗೈಯ ಎರಡು ಮೂಳೆಗಳು ಸಮಾನಾಂತರವಾಗಿರುತ್ತವೆ. ಅದೇ ಅಂಗೈಯನ್ನು ಕವುಚಿದಾಗ ಹೆಬ್ಬೆರಳ ಕಡೆಯ ಮೂಳೆ ಇನ್ನೊಂದರ ಮೇಲೆ ಅಡ್ಡ ಹಾಯುತ್ತದೆ. ಪ್ರಮಾಣಸ್ಥಿತಿಯಲ್ಲಿ ಅಂಗೈ ಮುಂದಕ್ಕಿರುವುದರಿಂದ ಈ ಮೂಳೆಗಳ ಸ್ಥಾನವನ್ನು ಗೊಂದಲವಿಲ್ಲದೆ ಹೇಳಬಹುದು.

ಕನ್ನಡದಲ್ಲಿ ಅಂಗಸೂಚಕ ಪದಗಳ ಕೊರತೆಯಿಲ್ಲ. ಆಡುಮಾತಿನ ‘ಮುಂದು’ ಸಂದರ್ಭಕ್ಕೆ ತಕ್ಕಂತೆ ಅರ್ಥ ಬದಲಿಸುತ್ತದೆ. ಪಾರಿಭಾಷಿಕ ಪದ ಹಾಗೆ ಬದಲಿಸಲಾಗದು. ಸಮಾಸವನ್ನು ಬಿಡಿಸಿ ಅರ್ಥವನ್ನು ಗುರುತಿಸಬಲ್ಲ ಕನ್ನಡ ವಿದ್ಯಾರ್ಥಿಗೆ ಪರಿಭಾಷೆಯ ರಚನೆಯಲ್ಲಿ ಕೆಲಸವಿರುವುದು ಇಲ್ಲಿಯೇ.